ಕಡಿಮೆ ರೊಕ್ಕದಲ್ಲಿ ಗೇಮಿಂಗ್ ಪಿಸಿ: ಹುಬ್ಬಳ್ಳಿ-ಧಾರವಾಡದವರು ಪದೇ ಪದೇ ಕೇಳುವ ಪ್ರಶ್ನೆಗಳು

ಪರೀಕ್ಷೆ ಮುಗಿಯುವ ಹೊತ್ತಿಗೆ ಒಂದೇ ತರದ ಮೆಸೇಜುಗಳು ಶುರುವಾಗುತ್ತವೆ: "ಅಣ್ಣಾ, ಐವತ್ತು ಸಾವಿರ ಐತಿ, ಏನ್ ತಗೊಳ್ಳಲಿ?" ಒಬ್ಬೊಬ್ಬರಿಗೂ ಬೇರೆ ಬೇರೆ ಬರೆಯುವ ಬದಲು ಎಲ್ಲವನ್ನೂ ಒಂದೇ ಕಡೆ ಹಾಕಿದ್ದೇನೆ. ಇಲ್ಲಿ ರೂಪಾಯಿ ಲೆಕ್ಕ ಕಮ್ಮಿ. ಇವತ್ತಿನ ಬೆಲೆ ಮುಂದಿನ ತಿಂಗಳು ಇರುವುದಿಲ್ಲ. ಎಲ್ಲಿ ಕೈ ಬಿಗಿ ಹಿಡಿಯಬೇಕು, ಎಲ್ಲಿ ಹಿಡಿಯಬಾರದು ಅನ್ನುವುದು ಮಾತ್ರ ಅಷ್ಟು ಬೇಗ ಬದಲಾಗುವುದಿಲ್ಲ.

ಎಲ್ಲಿಂದ ಶುರು ಮಾಡಬೇಕು? ಪ್ರೊಸೆಸರ್ ಮೊದಲಾ, ಗ್ರಾಫಿಕ್ಸ್ ಕಾರ್ಡ್ ಮೊದಲಾ?

ಆಟ ಮೊದಲು. ನೀವು ನಿಜವಾಗಿ ಆಡುವ ಮೂರು ಆಟಗಳ ಹೆಸರು ಒಂದು ಚೀಟಿಯಲ್ಲಿ ಬರೆಯಿರಿ. ವ್ಯಾಲರಂಟ್, ಸಿಎಸ್2 ತರದವು ಪ್ರೊಸೆಸರ್ ಮೇಲೆ ಹೆಚ್ಚು ಭಾರ ಹಾಕುತ್ತವೆ, ಸಾಧಾರಣ ಕಾರ್ಡ್ ಇದ್ದರೂ ಓಡುತ್ತವೆ. ಸೈಬರ್‌ಪಂಕ್ 2077, ರೆಡ್ ಡೆಡ್ ರಿಡೆಂಪ್ಷನ್ 2 ಕಾರ್ಡನ್ನೇ ಹಿಂಡುತ್ತವೆ. ಬಿಜಿಎಂಐ ಆಡಬೇಕು ಅಂತ ಪಿಸಿ ಕಟ್ಟಿಸುವವರಿಗೆ ಒಂದು ಮಾತು: ಅದು ಮೊಬೈಲ್‌ಗೆ ಮಾಡಿದ ಆಟ, ಪಿಸಿಗೆ ಇರುವುದು ಪಬ್‌ಜಿ ಬ್ಯಾಟಲ್‌ಗ್ರೌಂಡ್ಸ್. ಅದು 2022ರ ಜನವರಿಯಿಂದ ಉಚಿತ.

ಆಟ ಗೊತ್ತಾದ ಮೇಲೆ ಮಾನಿಟರ್ ನೋಡಿ. ಆಮೇಲೆ ಕಾರ್ಡ್. ಆ ಕಾರ್ಡಿಗೆ ಸರಿಹೊಂದುವ ಪ್ರೊಸೆಸರ್, ಬೋರ್ಡ್ (ಎಲ್ಲ ಭಾಗಗಳೂ ಕೂರುವ ಮದರ್‌ಬೋರ್ಡ್), ಎಸ್‌ಎಂಪಿಎಸ್ (ಎಲ್ಲಕ್ಕೂ ಕರೆಂಟ್ ಹಂಚುವ ಡಬ್ಬಿ). ಕ್ಯಾಬಿನೆಟ್ ಎಲ್ಲಕ್ಕಿಂತ ಕೊನೆಗೆ. ನಮ್ಮ ಕಡೆ ಆಗುವುದು ಉಲ್ಟಾ. ಅಂಗಡಿ ಒಳಗೆ ಕಾಲಿಟ್ಟ ಕೂಡಲೇ ಬಣ್ಣದ ಲೈಟು ಹೊಳೆಯುವ ಗಾಜಿನ ಕ್ಯಾಬಿನೆಟ್ ಕಣ್ಣಿಗೆ ಬೀಳುತ್ತದೆ, ಅದು ಮೊದಲು ಪ್ಯಾಕ್ ಆಗುತ್ತದೆ, ಉಳಿದ ರೊಕ್ಕದಲ್ಲಿ ಕಾರ್ಡ್ ಹುಡುಕುತ್ತಾರೆ.

ನೂರು ರೂಪಾಯಿ ಇದ್ದರೆ ಯಾವುದಕ್ಕೆ ಎಷ್ಟು?

ಮಾನಿಟರ್, ಕೀಬೋರ್ಡ್, ಯುಪಿಎಸ್ ಬಿಟ್ಟು ಬರೀ ಡಬ್ಬಿಯ ಲೆಕ್ಕ ಹೇಳುತ್ತೇನೆ. ಕಾರ್ಡಿಗೆ 35ರಿಂದ 40. ಪ್ರೊಸೆಸರ್‌ಗೆ 15ರಿಂದ 20. ಬೋರ್ಡಿಗೆ 12ರ ಆಸುಪಾಸು. ರ‍್ಯಾಮ್ ಮತ್ತು ಎಸ್‌ಎಸ್‌ಡಿ ಎರಡಕ್ಕೂ ಸೇರಿ 20. ಎಸ್‌ಎಂಪಿಎಸ್‌ಗೆ 7-8, ಕ್ಯಾಬಿನೆಟ್‌ಗೆ 5. 2025ರ ಕೊನೆಯಿಂದ ರ‍್ಯಾಮ್ ಬೆಲೆ ಜಿಗಿದಿರುವುದರಿಂದ ಅದರ ಪಾಲು ಈ ಲೆಕ್ಕವನ್ನು ಕೆಡಿಸಬಹುದು. ಆಗ ಪ್ರೊಸೆಸರ್ ಒಂದು ಮೆಟ್ಟಿಲು ಇಳಿಸಿ, ಬೋರ್ಡ್ ಇಳಿಸಿ, ಲೈಟು ಪೂರ್ತಿ ಬಿಡಿ. ಎಸ್‌ಎಂಪಿಎಸ್ ಪಾಲಿಗೆ ಮಾತ್ರ ಕೈ ಹಾಕಬೇಡಿ. ಯಾಕೆ ಅಂತ ಮುಂದೆ ಹೇಳುತ್ತೇನೆ.

ನನ್ನ ಹತ್ತಿರ ಕಾರ್ಡ್ ಕೊಳ್ಳುವಷ್ಟು ರೊಕ್ಕ ಇಲ್ಲ. ಕಾರ್ಡ್ ಇಲ್ಲದೆ ಆಡಬಹುದಾ?

ಆಡಬಹುದು. ರೈಝನ್ 5 5600ಜಿ ಒಳಗೆ ವೇಗಾ ಗ್ರಾಫಿಕ್ಸ್ ಇದೆ. ವ್ಯಾಲರಂಟ್, ಜಿಟಿಎ 5 ಸೆಟ್ಟಿಂಗ್ ಇಳಿಸಿ ಆಡಲು ಸಾಕು. ಇದಕ್ಕೆ ಸ್ವಂತ ಮೆಮೊರಿ ಇಲ್ಲ, ರ‍್ಯಾಮ್‌ನಿಂದಲೇ ಎರವಲು ಪಡೆಯುತ್ತದೆ. ಹಾಗಾಗಿ 8 ಜಿಬಿಯ ಎರಡು ಸ್ಟಿಕ್ ಹಾಕಲೇಬೇಕು. 16 ಜಿಬಿಯ ಒಂದೇ ಸ್ಟಿಕ್ ಹಾಕಿದರೆ ರ‍್ಯಾಮ್‌ನ ದಾರಿ ಅರ್ಧ ಮುಚ್ಚಿದ ಹಾಗೆ, ಫ್ರೇಮು ಕಣ್ಣಿಗೆ ಕಾಣುವಷ್ಟು ಬೀಳುತ್ತದೆ.

"ಈಗ 5600ಜಿ, ದೀಪಾವಳಿಗೆ ಕಾರ್ಡ್" ಅನ್ನುವವರು ಸ್ವಲ್ಪ ತಡೆಯಿರಿ. ಹೆಸರು ಒಂದೇ ತರ ಕಂಡರೂ 5600ಜಿ ಬೇರೆ, 5600 ಬೇರೆ. 5600ರಲ್ಲಿ ಎಲ್3 ಕ್ಯಾಶ್ (ಪ್ರೊಸೆಸರ್ ಒಳಗಿನ ಚುರುಕು ಮೆಮೊರಿ) 32 ಎಂಬಿ, 5600ಜಿಯಲ್ಲಿ 16. ಕಾರ್ಡ್ ಜೊತೆ ಮಾತಾಡುವ ದಾರಿ, ಅಂದರೆ ಪಿಸಿಐಇ, 5600ರಲ್ಲಿ 4ನೇ ಪೀಳಿಗೆಯದು, 5600ಜಿಯಲ್ಲಿ 3ನೆಯದು. ಕಾರ್ಡ್ ಬಂದ ಮೇಲೆ ಆಟದಲ್ಲಿ 5600 ಮುಂದಿರುತ್ತದೆ. ಮೂರು ನಾಲ್ಕು ತಿಂಗಳಲ್ಲಿ ಕಾರ್ಡ್ ಖಂಡಿತ ಅನ್ನುವುದಾದರೆ ಅಲ್ಲಿಯವರೆಗೆ ಕಾದು ಒಟ್ಟಿಗೇ ತಗೊಳ್ಳಿ. ವರ್ಷಗಟ್ಟಲೆ ಕಾರ್ಡ್ ಇಲ್ಲದೆ ಇರುವವರಿಗೆ ಜಿ ಸರಿ.

ಎಎಂಡಿ ಒಳ್ಳೆಯದಾ, ಇಂಟೆಲ್ ಒಳ್ಳೆಯದಾ?

ಈ ಬಜೆಟ್ಟಿನಲ್ಲಿ ಪಕ್ಷ ಕಟ್ಟುವ ಅಗತ್ಯ ಇಲ್ಲ. ತೀರಾ ಕಡಿಮೆ ಅಂದರೆ ಇಂಟೆಲ್ ಐ3-12100ಎಫ್, ನಾಲ್ಕು ಕೋರು, ಎಂಟು ಥ್ರೆಡ್. ಸ್ವಲ್ಪ ಜಾಸ್ತಿ ಇದ್ದರೆ ಐ5-12400ಎಫ್ ಅಥವಾ ರೈಝನ್ 5 5600. ಎರಡಕ್ಕೂ ಆರು ಕೋರು, ಹನ್ನೆರಡು ಥ್ರೆಡ್. ಆ ದಿನ ಯಾವುದರ ಪ್ರೊಸೆಸರ್ ಮತ್ತು ಬೋರ್ಡ್ ಸೇರಿ ಕಡಿಮೆಗೆ ಸಿಗುತ್ತದೋ ಅದು. ಪ್ರೊಸೆಸರ್ ಒಂದರದೇ ಬೆಲೆ ಹೋಲಿಸಬೇಡಿ, ಬೋರ್ಡಿನ ಬೆಲೆಯಲ್ಲೂ ವ್ಯತ್ಯಾಸ ಇರುತ್ತದೆ.

ಕೊನೆಯ ಎಫ್ ಅಕ್ಷರ ಮರೆಯಬೇಡಿ. ಎಫ್ ಇದ್ದರೆ ಒಳಗೆ ಗ್ರಾಫಿಕ್ಸ್ ಇಲ್ಲ. ಕಾರ್ಡ್ ಕೆಟ್ಟು ವಾರಂಟಿಗೆ ಹೋದರೆ ಅದು ಬರುವ ತನಕ ಮಾನಿಟರ್ ಕಪ್ಪು.

ಮುಂದೆ ಅಪ್‌ಗ್ರೇಡ್ ಮಾಡುವ ಆಸೆ ಇದ್ದರೆ ಎಎಂ5. ಇದು 2022ರ ಸೆಪ್ಟೆಂಬರಿನಲ್ಲಿ ಬಂದ ಎಎಂಡಿ ಸಾಕೆಟ್ (ಬೋರ್ಡಿನಲ್ಲಿ ಪ್ರೊಸೆಸರ್ ಕೂರುವ ಜಾಗ), 2027ರವರೆಗೂ ಅದರಾಚೆಗೂ ಬೆಂಬಲ ಕೊಡುವುದಾಗಿ ಎಎಂಡಿ ಹೇಳಿದೆ. ಹೊಸ ತರದ ಡಿಡಿಆರ್5 ರ‍್ಯಾಮ್ ಮಾತ್ರ ನಡೆಯುತ್ತದೆ. 5600 ಕೂರುವ ಎಎಂ4 ಮತ್ತು 12100ಎಫ್, 12400ಎಫ್ ಕೂರುವ ಇಂಟೆಲ್‌ನ ಎಲ್‌ಜಿಎ1700 ಸಾಕೆಟ್ ಎರಡೂ ದಾರಿಯ ಕೊನೆಗೆ ಬಂದಿವೆ. ಅಗ್ಗಕ್ಕೆ ಸಿಗುವುದೂ ಅದಕ್ಕೇ. ನಾಲ್ಕೈದು ವರ್ಷ ಮುಟ್ಟದೆ ಓಡಿಸುವವರಿಗೆ "ಡೆಡ್ ಪ್ಲಾಟ್‌ಫಾರ್ಮ್" ಅನ್ನುವ ಬೆದರಿಕೆ ತಾಗುವುದಿಲ್ಲ.

ಯಾವ ಕಾರ್ಡ್ ತಗೊಳ್ಳಲಿ?

1080ಪಿ (ಫುಲ್ ಎಚ್‌ಡಿ) ಮಾನಿಟರ್‌ಗೆ, ಕೈಯಲ್ಲಿ ಕಡಿಮೆ ಇದ್ದಾಗ, ನಾನು ಮೊದಲು ಬೆಲೆ ಕೇಳುವುದು ಎಎಂಡಿಯ ಆರ್‌ಎಕ್ಸ್ 6600ಕ್ಕೆ. 8 ಜಿಬಿ, 132 ವ್ಯಾಟ್. 2021ರದ್ದು, ಆದರೂ ಎನ್‌ವಿಡಿಯಾದ ಆರ್‌ಟಿಎಕ್ಸ್ 3050ಗಿಂತ ಆಟದಲ್ಲಿ ಸ್ಪಷ್ಟವಾಗಿ ಮುಂದೆ. ಇನ್ನೊಂದಿಷ್ಟು ಸೇರಿಸಿದರೆ ಆರ್‌ಟಿಎಕ್ಸ್ 4060, 5060, ಇಂಟೆಲ್ ಆರ್ಕ್ ಬಿ580 ಸಾಲಿಗೆ ಬರುತ್ತವೆ. ಬಿ580ಕ್ಕೆ 12 ಜಿಬಿ ಇದೆ, ಆಸೆ ಹುಟ್ಟಿಸುತ್ತದೆ. ಆದರೆ ಹಳೆಯ ಪ್ರೊಸೆಸರ್ ಜೊತೆ ಅದು ಮುಗ್ಗರಿಸುತ್ತದೆ, ಬಯಾಸ್‌ನಲ್ಲಿ (ಬೋರ್ಡಿನ ಮೂಲ ಸೆಟ್ಟಿಂಗ್) ರೀಸೈಜಬಲ್ ಬಾರ್ ಅನ್ನುವ ಆಯ್ಕೆ ಆನ್ ಇರಲೇಬೇಕು. ಹೊಸ ಬೋರ್ಡ್, ಹೊಸ ಪ್ರೊಸೆಸರ್ ಇದ್ದವರಿಗೆ ಮಾತ್ರ ಹೇಳುತ್ತೇನೆ.

ಹೆಸರಿನಲ್ಲಿ ಮೋಸ ಹೋಗುವ ಜಾಗಗಳಿವೆ. ಆರ್‌ಟಿಎಕ್ಸ್ 3050 ಎರಡು ತರ ಇದೆ, 8 ಜಿಬಿ ಮತ್ತು 6 ಜಿಬಿ. 6 ಜಿಬಿಯದ್ದು ಮೆಮೊರಿ ಕಮ್ಮಿ ಮಾಡಿದ್ದಷ್ಟೇ ಅಲ್ಲ, ಒಳಗಿನ ಕೋರುಗಳನ್ನೂ ಕತ್ತರಿಸಿದ್ದಾರೆ. ಅದಕ್ಕೂ ಒಂದು ಉಪಯೋಗ ಇದೆ: 70 ವ್ಯಾಟ್ ಮಾತ್ರ ತಿನ್ನುವುದರಿಂದ ಬಹಳಷ್ಟು ಮಾಡೆಲ್‌ಗಳಿಗೆ ಬೇರೆ ಕರೆಂಟ್ ವೈರು ಬೇಕಾಗುವುದಿಲ್ಲ. ಆಫೀಸಿನ ಹಳೆ ಪಿಸಿಗೆ ಹಾಕಲು ಇದೇ ಸರಿ. ಆರ್‌ಟಿಎಕ್ಸ್ 3060ರಲ್ಲೂ 12 ಜಿಬಿ ಮತ್ತು 8 ಜಿಬಿ ಅಂತ ಎರಡಿವೆ, 12ರದ್ದೇ ಕೇಳಿ.

ಇನ್ನು ಜಿಟಿ 730. ಅಂಗಡಿಯಲ್ಲಿ "4 ಜಿಬಿ ಗ್ರಾಫಿಕ್ಸ್ ಕಾರ್ಡ್, ಗೇಮಿಂಗ್ ಪಿಸಿ ರೆಡಿ" ಅಂತ ಬೋರ್ಡ್ ಹಾಕಿ ಮಾರುವುದು ಹೆಚ್ಚಾಗಿ ಇದನ್ನೇ. 2014ರ ಕಾರ್ಡ್ ಅದು. ಮೆಮೊರಿ ಜಾಸ್ತಿ, ವೇಗ ಇಲ್ಲ: ದೊಡ್ಡ ಗೋದಾಮು ಕಟ್ಟಿ, ಅದಕ್ಕೆ ಸೈಕಲ್ ಹೋಗುವಷ್ಟೇ ಓಣಿ ಬಿಟ್ಟ ಹಾಗೆ. 5600ಜಿಯ ಒಳಗಿನ ಗ್ರಾಫಿಕ್ಸೇ ಅದಕ್ಕಿಂತ ಚುರುಕು. ಬಿಲ್ಲಿನಲ್ಲಿ "4 ಜಿಬಿ ಗ್ರಾಫಿಕ್ಸ್" ಅಂತಷ್ಟೇ ಇದ್ದರೆ ಚಿಪ್ಪಿನ ಹೆಸರು ಬರೆಸಿಕೊಳ್ಳದೆ ರೊಕ್ಕ ಕೊಡಬೇಡಿ.

ಹಳೆಯ ಜಿಟಿಎಕ್ಸ್ ಕಾರ್ಡ್ ಅಗ್ಗಕ್ಕೆ ಸಿಗ್ತಿದೆ. ತಗೊಳ್ಳಬಹುದಾ?

ಜಿಟಿಎಕ್ಸ್ 1060, 1070 ಒಂದು ಕಾಲದ ರಾಜರು. ಈಗ ಎರಡು ತೊಂದರೆ. ಎನ್‌ವಿಡಿಯಾ ಆ ಪೀಳಿಗೆಗೆ ಗೇಮ್ ಡ್ರೈವರ್ ಕೊಡುವುದನ್ನು 2025ರ ಅಕ್ಟೋಬರಿಗೆ ನಿಲ್ಲಿಸಿತು. ಸುರಕ್ಷತೆಯ ಅಪ್‌ಡೇಟ್ ಮಾತ್ರ ಇನ್ನೂ ಕೆಲ ವರ್ಷ ಬರುತ್ತದೆ. ಎರಡನೆಯದು, ಕೆಲವು ಹೊಸ ಆಟಗಳಿಗೆ ರೇ ಟ್ರೇಸಿಂಗ್ (ಬೆಳಕು-ನೆರಳನ್ನು ನಿಜದ ಹಾಗೆ ತೋರಿಸುವುದು) ಹಾರ್ಡ್‌ವೇರ್ ಕಡ್ಡಾಯ. 2025ರ ಡೂಮ್: ದಿ ಡಾರ್ಕ್ ಏಜಸ್ ಅಂಥದ್ದು. ಜಿಟಿಎಕ್ಸ್ ಮೇಲೆ ನಡೆಯುವುದಿಲ್ಲ, ಎಎಂಡಿಯ ಹಳೆಯ ಆರ್‌ಎಕ್ಸ್ 580 ಮೇಲೂ ಇಲ್ಲ. ಹಳೆಯ ಆಟಗಳನ್ನೇ ಆಡುವವರಿಗೆ ಪರವಾಗಿಲ್ಲ, ಆದರೆ ಅದಕ್ಕೆ ತಕ್ಕ ಬೆಲೆ ಮಾತ್ರ ಕೊಡಿ.

ಸೆಕೆಂಡ್ ಹ್ಯಾಂಡ್ ಕಾರ್ಡ್ ನೋಡೋದು ಹೇಗೆ?

ಫೋಟೋ ನೋಡಿ ಯುಪಿಐ ಮಾಡುವವರಿಗೆ ನನ್ನ ಹತ್ತಿರ ಉತ್ತರ ಇಲ್ಲ. ಮಾರುವವರ ಮನೆಗೆ ಹೋಗಿ, ಅವರದೇ ಪಿಸಿಯಲ್ಲಿ ಓಡುತ್ತಿರುವಾಗ ನೋಡಿ. "ಬಿಚ್ಚಿ ಇಟ್ಟಿದೀನಿ, ಚೆನ್ನಾಗಿದೆ" ಅಂದರೆ ಮತ್ತೆ ಹಾಕಿಸಿ ಅನ್ನಿ. ಆಗಲ್ಲ ಅಂದರೆ ಚಹಾ ಕುಡಿದು ಎದ್ದು ಬನ್ನಿ.

ಮೊದಲು ಜಿಪಿಯು-ಝಡ್ ಅನ್ನುವ ಸಣ್ಣ ಉಚಿತ ಸಾಫ್ಟ್‌ವೇರ್ ತೆರೆಯಿರಿ. ಹಳೆ ಕಾರ್ಡಿನ ಬಯಾಸ್ ತಿದ್ದಿ ಜಿಟಿಎಕ್ಸ್ 1050 ಟಿಐ ಅಂತ ಮಾರಿದ ನಕಲಿಗಳು ಬಹಳ ಓಡಾಡಿವೆ, ಅಂಥವನ್ನು ಇದು ಹಿಡಿಯುತ್ತದೆ. ಆಮೇಲೆ ಫರ್‌ಮಾರ್ಕ್ ಅಥವಾ ಭಾರವಾದ ಒಂದು ಆಟವನ್ನು ಇಪ್ಪತ್ತು ನಿಮಿಷ ಬಿಡಿ. ಅಷ್ಟರಲ್ಲಿ ಪರದೆ ಮೇಲೆ ಬಣ್ಣದ ಚುಕ್ಕೆ, ಗೆರೆ, ಕಣ್ಣು ಮಿಟುಕಿಸಿದ ಹಾಗೆ ಕಪ್ಪಾಗುವುದು ಏನಾದರೂ ಕಂಡರೆ ಬೇಡ. ಫ್ಯಾನಿನ ಹತ್ತಿರ ಕಿವಿ ಇಡಿ. ಕಟಕಟ ಸದ್ದು ಬಂದರೆ ಬೇರಿಂಗ್ ಹೋಗಿದೆ, ಅದು ದೊಡ್ಡ ಖರ್ಚಲ್ಲ, ಚೌಕಾಸಿಗೆ ಸಿಕ್ಕ ಕಾರಣ. ಸ್ಕ್ರೂ ತಲೆ ಸವೆದಿದ್ದರೆ ಯಾರೋ ಬಿಚ್ಚಿದ್ದಾರೆ. ಎಚ್‌ಡಿಎಂಐ, ಡಿಸ್‌ಪ್ಲೇ ಪೋರ್ಟ್ ಎರಡಕ್ಕೂ ಕೇಬಲ್ ಹಾಕಿ ನೋಡಿ. ಒಂದು ಪೋರ್ಟ್ ಸತ್ತಿದ್ದರೆ ಮಾರುವವರು ತಾವಾಗಿ ಹೇಳುವುದಿಲ್ಲ.

"ಮೈನಿಂಗ್ ಕಾರ್ಡಾ?" ಅಂತ, ಅಂದರೆ ಕ್ರಿಪ್ಟೊ ನಾಣ್ಯ ಗಳಿಸಲು ಹಗಲಿರುಳು ಓಡಿಸಿದ್ದಾ ಅಂತ, ಎಲ್ಲರೂ ಕೇಳುತ್ತಾರೆ. ಹೌದು ಅಂತ ಯಾರೂ ಒಪ್ಪುವುದಿಲ್ಲ, ಹಾಗಾಗಿ ಕೇಳಿ ಪ್ರಯೋಜನ ಇಲ್ಲ. ಮೇಲಿನ ಪರೀಕ್ಷೆ ಪಾಸಾದರೆ, ಬಿಲ್ಲಿದ್ದು ವಾರಂಟಿ ಒಂದಿಷ್ಟು ಉಳಿದಿದ್ದರೆ ನಾನು ತಗೊಳ್ಳುತ್ತೇನೆ.

ಎಸ್‌ಎಂಪಿಎಸ್ ಕ್ಯಾಬಿನೆಟ್ ಜೊತೆ ಫ್ರೀ ಬರುತ್ತೆ ಅಂದ್ರು. ಸಾಕಲ್ವಾ?

ಸಾಕಾಗುವುದಿಲ್ಲ. ಇದೊಂದರಲ್ಲಿ ನಾನು ಹಠಮಾರಿ.

ಆ ಫ್ರೀ ಎಸ್‌ಎಂಪಿಎಸ್ ಕೈಗೆ ತಗೊಂಡು ಪಕ್ಕದ ಚೀಟಿ ಓದಿ. ಮೇಲೆ ದೊಡ್ಡದಾಗಿ 450 ವ್ಯಾಟ್ ಅಂತಿರುತ್ತದೆ. ಕೆಳಗೆ ಚಿಕ್ಕ ಅಕ್ಷರದ ಪಟ್ಟಿಯಲ್ಲಿ +12ವಿ ಅನ್ನುವ ಮನೆ ಹುಡುಕಿ. ಅಲ್ಲಿ 16 ಆಂಪಿಯರ್ ಅಂತಿದೆ ಅನ್ನಿ. 12 ಗುಣಿಸು 16, ಅಂದರೆ 192 ವ್ಯಾಟ್. ಪ್ರೊಸೆಸರ್ ಮತ್ತು ಕಾರ್ಡ್ ಎರಡೂ ಕರೆಂಟ್ ಎಳೆಯುವುದು ಈ 12 ವೋಲ್ಟಿನ ಸಾಲಿನಿಂದಲೇ. ಆರ್‌ಎಕ್ಸ್ 6600 ಒಂದೇ 132, ರೈಝನ್ 5600 ಪೂರ್ತಿ ಓಡುವಾಗ 70 ದಾಟುತ್ತದೆ. ಕೂಡಿಸಿ ನೋಡಿ, 200 ದಾಟಿತು. 450ರ ಮಾತು ಎಲ್ಲಿ ಹೋಯಿತು? ಒಳ್ಳೆಯ 450 ವ್ಯಾಟಿನದರಲ್ಲಿ ಅದೇ ಮನೆಯಲ್ಲಿ 35 ಆಂಪಿಯರ್ ಹತ್ತಿರ ಇರುತ್ತದೆ, ಅಂದರೆ 420 ವ್ಯಾಟ್ 12 ವೋಲ್ಟಿನಲ್ಲೇ ಸಿಗುತ್ತದೆ.

ಇನ್ನೊಂದು ಸುಲಭ ಪರೀಕ್ಷೆ: ಕೈಯಲ್ಲಿ ಎತ್ತಿ ನೋಡಿ. ಖಾಲಿ ಡಬ್ಬಿಯ ಹಾಗೆ ಹಗುರ ಇದ್ದರೆ ಒಳಗೆ ಇರಬೇಕಾದ ಫಿಲ್ಟರ್, ದೊಡ್ಡ ಕೆಪಾಸಿಟರ್ ಇಲ್ಲ. ಕೆಟ್ಟ ಎಸ್‌ಎಂಪಿಎಸ್ ಹೋಗುವಾಗ ಒಂಟಿಯಾಗಿ ಹೋಗುವುದಿಲ್ಲ, ಬೋರ್ಡನ್ನೋ ಕಾರ್ಡನ್ನೋ ಕರೆದುಕೊಂಡೇ ಹೋಗುತ್ತದೆ. 80 ಪ್ಲಸ್ ಬ್ರಾಂಜ್ ಮುದ್ರೆ ಇರುವ, ಐದು ವರ್ಷದ ಆಸುಪಾಸು ವಾರಂಟಿ ಇರುವ 450 ಅಥವಾ 550 ವ್ಯಾಟಿನದು ನೋಡಿ. 80 ಪ್ಲಸ್ ಅನ್ನುವುದು ಕರೆಂಟ್ ಉಳಿತಾಯದ ಅಳತೆ, ಗಟ್ಟಿತನದ ಗ್ಯಾರಂಟಿ ಅಲ್ಲ. ಅದಕ್ಕೇ ವಾರಂಟಿ ಎಷ್ಟು ವರ್ಷ ಅಂತ ಕೇಳುವುದು. 750 ವ್ಯಾಟ್ ಈ ಬಜೆಟ್ಟಿಗೆ ಬೇಡ.

ಕರೆಂಟ್ ಹೋಗುತ್ತಿರುತ್ತೆ. ಯುಪಿಎಸ್ ಬೇಕಾ? ಮನೆ ಇನ್ವರ್ಟರ್ ನಡೆಯುತ್ತಾ?

ಹೆಸ್ಕಾಂನ ಮೆಸೇಜ್ ಬಂದು ಕರೆಂಟ್ ಹೋದರೆ ತೊಂದರೆ ಇಲ್ಲ, ಮೊದಲೇ ಆಫ್ ಮಾಡುತ್ತೀರಿ. ಮಳೆಗಾಲದಲ್ಲಿ ಗುಡುಗಿನ ಜೊತೆ ಪಟಕ್ಕನೆ ಹೋಗಿ, ಎರಡು ಸೆಕೆಂಡಿಗೆ ಬಂದು, ಮತ್ತೆ ಹೋಗುವುದೇ ಕಷ್ಟ. ಬಯಾಸ್ ಅಪ್‌ಡೇಟ್ ನಡುವೆ ಹಾಗಾದರೆ ಬೋರ್ಡೇ ಹೋಗಬಹುದು.

ಯುಪಿಎಸ್ ಮೇಲಿನ ವಿಎ ಮತ್ತು ವ್ಯಾಟ್ ಬೇರೆ ಬೇರೆ. 600 ವಿಎ ಅಂದರೆ ಸಾಮಾನ್ಯವಾಗಿ 360 ವ್ಯಾಟ್. ಆರ್‌ಎಕ್ಸ್ 6600 ಇರುವ ಪಿಸಿ ಆಟದಲ್ಲಿ 250ರ ಆಸುಪಾಸು ಎಳೆಯುತ್ತದೆ, ಮಾನಿಟರ್ ಸೇರಿದರೆ 280. 600 ವಿಎ ತಡೆದುಕೊಳ್ಳುತ್ತದೆ, ಆದರೆ ಕೆಲವೇ ನಿಮಿಷ. ಮ್ಯಾಚ್ ಮುಗಿಸಲು ಅಲ್ಲ, ಸೇವ್ ಮಾಡಿ ಮುಚ್ಚಲು. ಇನ್ನೂ ದೊಡ್ಡ ಕಾರ್ಡ್ ಇದ್ದರೆ 1000 ವಿಎ ನೋಡಿ.

ಮನೆ ಇನ್ವರ್ಟರ್ ಸೈನ್ ವೇವ್ ಆಗಿದ್ದು, ಅದರ ಹಿಂದಿನ ಸ್ವಿಚ್ ಯುಪಿಎಸ್ ಮೋಡ್‌ನಲ್ಲಿದ್ದರೆ ನಡೆಯುತ್ತದೆ. ಸ್ಕ್ವೇರ್ ವೇವ್ ಆದರೆ ಒಳ್ಳೆಯ ಎಸ್‌ಎಂಪಿಎಸ್‌ಗಳೂ ಗುಂಯ್ ಅನ್ನುತ್ತವೆ, ಕೆಲವೊಮ್ಮೆ ಪಿಸಿ ರೀಸ್ಟಾರ್ಟ್ ಆಗುತ್ತದೆ. ಲೋಡ್ ಲೆಕ್ಕ ಹಾಕದೆ ಸೇರಿಸಬೇಡಿ, ರಾತ್ರಿ ಫ್ಯಾನ್ ನಿಂತರೆ ಮನೆಯವರು ನಿಮ್ಮನ್ನೇ ಹಿಡಿಯುತ್ತಾರೆ.

ಕ್ಯಾಬಿನೆಟ್ ಮುಟ್ಟಿದರೆ ಜುಮ್ ಅನ್ನುತ್ತೆ. ಪಿಸಿ ಕೆಟ್ಟಿದೆಯಾ?

ಬಹುತೇಕ ಕೆಟ್ಟಿಲ್ಲ, ಮನೆಯ ಅರ್ಥಿಂಗ್ ಇಲ್ಲ. ಎಸ್‌ಎಂಪಿಎಸ್ ಒಳಗಿನ ಫಿಲ್ಟರಿನ ಸಣ್ಣ ಕೆಪಾಸಿಟರುಗಳು ಫೇಸ್ ಮತ್ತು ನ್ಯೂಟ್ರಲ್ ಎರಡನ್ನೂ ತಗಡಿನ ಮೈಗೆ ಜೋಡಿಸುತ್ತವೆ. ಅರ್ಥ್ ವೈರು ಸರಿ ಇದ್ದರೆ ಆ ಸೋರಿಕೆ ನೆಲಕ್ಕೆ ಹೋಗುತ್ತದೆ. ಇಲ್ಲದಿದ್ದರೆ ಕ್ಯಾಬಿನೆಟ್ ಮೈಮೇಲೆ 115 ವೋಲ್ಟಿನ ಆಸುಪಾಸು ನಿಂತಿರುತ್ತದೆ. ಕರೆಂಟ್ ಬಹಳ ಸಣ್ಣದು, ಅದಕ್ಕೇ ಜುಮ್ ಅನ್ನುವುದಷ್ಟೇ. ಹಾಗಂತ ಬಿಡಬೇಡಿ. ಎಚ್‌ಡಿಎಂಐ ಕೇಬಲ್ ಸಿಕ್ಕಿಸುವಾಗ ಇದೇ ಸೋರಿಕೆ ಪೋರ್ಟ್ ಸುಟ್ಟಿದ್ದುಂಟು.

ಮೂರು ಪಿನ್ ಸಾಕೆಟ್ ಇದ್ದ ಮಾತ್ರಕ್ಕೆ ಅರ್ಥ್ ಇದೆ ಅಂತಲ್ಲ. ಹಳೆಯ ಓಣಿಗಳ ಮನೆಗಳಲ್ಲಿ, ಬಾಡಿಗೆ ರೂಮುಗಳಲ್ಲಿ ಮೂರನೇ ತೂತಿಗೆ ವೈರೇ ಇರುವುದಿಲ್ಲ. ಎಲೆಕ್ಟ್ರಿಷಿಯನ್ ಕರೆಸಿ ಮೀಟರ್ ಇಡಿಸಿ. ಫೇಸ್ ಮತ್ತು ಅರ್ಥ್ ನಡುವೆ 230ರ ಹತ್ತಿರ ಬರಬೇಕು, ನ್ಯೂಟ್ರಲ್ ಮತ್ತು ಅರ್ಥ್ ನಡುವೆ ಎರಡು ಮೂರು ವೋಲ್ಟ್ ಒಳಗಿರಬೇಕು. ಬೇಸಿಗೆಯಲ್ಲಿ ಅರ್ಥ್ ಗುಂಡಿ ಒಣಗಿದರೆ ಸರಿ ಇದ್ದದ್ದೂ ಕೆಡುತ್ತದೆ, ನೀರು ಹಾಕಿ. ಈ ಖರ್ಚನ್ನು ಪಿಸಿ ಬಜೆಟ್ಟಿಗೇ ಸೇರಿಸಿ ಅಂತ ನಾನು ಹೇಳುವುದು.

ನಮ್ಮೂರ ಧೂಳಿಗೆ ಯಾವ ಕ್ಯಾಬಿನೆಟ್?

ಮುಂದೆ ಜಾಳಿಗೆ ಇರುವುದು, ಜಾಳಿಗೆ ಹಿಂದೆ ಬಿಚ್ಚಿ ತೊಳೆಯುವ ಫಿಲ್ಟರ್ ಇರುವುದು. ಮುಂದೆ ಪೂರ್ತಿ ಗಾಜು ಇದ್ದರೆ ಗಾಳಿ ಒಳಗೆ ಬರುವುದಿಲ್ಲ. ಹುಬ್ಬಳ್ಳಿಯಲ್ಲಿ ರಸ್ತೆ ಅಗೆದು ಬಿಟ್ಟ ಓಣಿ, ಗದಗ ಕಡೆಯ ಎರೆಮಣ್ಣಿನ ಹೊಲದ ಗಾಳಿ, ಎರಡೂ ಫಿಲ್ಟರನ್ನು ಬೇಗ ತುಂಬಿಸುತ್ತವೆ. ಒಳಗೆ ಊದುವ ಫ್ಯಾನು ಎರಡು, ಹೊರಗೆ ತಳ್ಳುವುದು ಒಂದು ಇಟ್ಟರೆ ಒಳಗಿನ ಒತ್ತಡ ಹೆಚ್ಚಾಗಿ, ಸಂದುಗೊಂದುಗಳಿಂದ ಧೂಳು ಒಳಗೆ ನುಸುಳುವುದು ಕಮ್ಮಿಯಾಗುತ್ತದೆ. ನೆಲದ ಮೇಲೆ ಇಡಬೇಡಿ, ಕಸ ಹೊಡೆಯುವಾಗ ಎದ್ದದ್ದೆಲ್ಲ ಒಳಗೇ.

ಕ್ಲೀನ್ ಮಾಡಲು ಸಣ್ಣ ಬ್ಲೋವರ್ ಸಾಕು. ಫ್ಯಾನಿನ ರೆಕ್ಕೆಯನ್ನು ಬೆರಳಲ್ಲಿ ಹಿಡಿದು ಊದಿ, ಗಿರಗಿರ ತಿರುಗಲು ಬಿಡಬೇಡಿ. ಪಂಕ್ಚರ್ ಅಂಗಡಿಯ ಕಂಪ್ರೆಸರ್ ಹತ್ತಿರ ಒಯ್ಯುವವರನ್ನು ನೋಡಿದ್ದೇನೆ. ಆ ಗಾಳಿಯಲ್ಲಿ ನೀರು, ಎಣ್ಣೆ ಎರಡೂ ಇರುತ್ತವೆ.

ಏಪ್ರಿಲ್-ಮೇ ಬಿಸಿಲಿಗೆ ಲಿಕ್ವಿಡ್ ಕೂಲರ್ ಬೇಡವಾ ಅಂತಲೂ ಕೇಳುತ್ತಾರೆ. ಬೇಡ. ಕೋಣೆ ಹತ್ತು ಡಿಗ್ರಿ ಬಿಸಿಯಾದರೆ ಪ್ರೊಸೆಸರೂ ಹೆಚ್ಚುಕಮ್ಮಿ ಹತ್ತು ಡಿಗ್ರಿ ಏರುತ್ತದೆ, ಯಾವ ಕೂಲರ್ ಇದ್ದರೂ ಅಷ್ಟೇ. ಮೇಲೆ ಹೇಳಿದ ಪ್ರೊಸೆಸರುಗಳಿಗೆ ಡಬ್ಬಿಯಲ್ಲಿ ಬರುವ ಕೂಲರೇ ನಡೆಯುತ್ತದೆ.

ರ‍್ಯಾಮ್ ಎಷ್ಟು? ಬೆಲೆ ಯಾಕೆ ಹೀಗಾಯ್ತು?

ಎಐ ಸರ್ವರುಗಳಿಗೆ ಮೆಮೊರಿ ಚಿಪ್ಪಿನ ಬೇಡಿಕೆ ಏರಿ, ಕಂಪನಿಗಳು ಅತ್ತ ತಿರುಗಿದ್ದರಿಂದ. ಮೈಕ್ರಾನ್ ಕಂಪನಿ ತನ್ನ ಕ್ರೂಷಿಯಲ್ ಹೆಸರಿನ ಗ್ರಾಹಕ ವ್ಯಾಪಾರವನ್ನೇ ಮುಚ್ಚುವುದಾಗಿ 2025ರ ಡಿಸೆಂಬರಿನಲ್ಲಿ ಹೇಳಿತು. ಹಾಗಾಗಿ 32 ಜಿಬಿಯ ಆಸೆ ಸದ್ಯಕ್ಕೆ ಬಿಡಿ. 16 ಜಿಬಿ, ಎರಡು ಸ್ಟಿಕ್, ಡಿಡಿಆರ್4 ಆದರೆ 3200 ವೇಗ. ಮನೆಯಲ್ಲಿ ಹಳೆಯ ಡಿಡಿಆರ್4 ಸ್ಟಿಕ್ ಬಿದ್ದಿದ್ದರೆ ಡಿಡಿಆರ್4 ಬೋರ್ಡನ್ನೇ ಆರಿಸಿ ಅದನ್ನು ಉಪಯೋಗಿಸಿ. ಲ್ಯಾಪ್‌ಟಾಪ್ ರ‍್ಯಾಮ್ ಗಾತ್ರವೇ ಬೇರೆ, ಕೂರುವುದಿಲ್ಲ.

ಹಾಕಿದ ಮೇಲೆ ಬಯಾಸ್‌ಗೆ ಹೋಗಿ ಎಕ್ಸ್‌ಎಂಪಿ (ರ‍್ಯಾಮನ್ನು ಪೂರ್ತಿ ವೇಗಕ್ಕೆ ಓಡಿಸುವ ಸೆಟ್ಟಿಂಗ್) ಆನ್ ಮಾಡಿ. ಇಲ್ಲದಿದ್ದರೆ 3200ರ ರ‍್ಯಾಮ್ ಎಷ್ಟೋ ಸಲ 2133 ಅಥವಾ 2400ರಲ್ಲೇ ಓಡುತ್ತಿರುತ್ತದೆ. ಅಂಗಡಿಯಲ್ಲಿ ಜೋಡಿಸಿಕೊಟ್ಟ ಪಿಸಿಗಳಲ್ಲಿ ಇದು ಆಫ್ ಇರುವುದನ್ನು ಎಷ್ಟು ಕಂಡಿದ್ದೇನೋ.

ಎಸ್‌ಎಸ್‌ಡಿ?

500 ಜಿಬಿ ಎನ್‌ವಿಎಂಇ (ಸಾಟಾಗಿಂತ ವೇಗದ ತರದ್ದು) ಕನಿಷ್ಠ, ಸಾಧ್ಯವಾದರೆ 1 ಟಿಬಿ. ಎಂ.2 ಆಕಾರ ಇದ್ದದ್ದೆಲ್ಲ ಎನ್‌ವಿಎಂಇ ಅಲ್ಲ, ಸಾಟಾ ಕೂಡ ಅದೇ ಆಕಾರದಲ್ಲಿ ಬರುತ್ತದೆ, ಕೇಳಿ ತಗೊಳ್ಳಿ. 5ನೇ ಪೀಳಿಗೆಯ ವೇಗಕ್ಕೆ ರೊಕ್ಕ ಸುರಿಯಬೇಡಿ, ಆಟದಲ್ಲಿ ವ್ಯತ್ಯಾಸ ಗೊತ್ತಾಗುವುದೇ ಇಲ್ಲ. ಹಳೆ ಹಾರ್ಡ್ ಡಿಸ್ಕ್ ಸಿನಿಮಾ, ಫೋಟೋಗೆ ಇರಲಿ.

ಬೋರ್ಡ್‌ನಲ್ಲಿ ಏನು ನೋಡಬೇಕು?

5600ಕ್ಕೆ ಎ520 ನಡೆಯುತ್ತದೆ, ಬಿ550 ಸಿಕ್ಕರೆ ಒಳ್ಳೆಯದು. ಹಳೆ ಸ್ಟಾಕಿನ ಬಿ450 ಆದರೆ ಬಯಾಸ್ ಅಪ್‌ಡೇಟ್ ಆಗಿದೆಯಾ ಅಂತ ಅಂಗಡಿಯಲ್ಲೇ ಪ್ರೊಸೆಸರ್ ಕೂರಿಸಿ ತೋರಿಸಲು ಹೇಳಿ. ವೈಫೈ ಬೇಕಾದರೆ ಬೋರ್ಡಿನಲ್ಲಿದೆಯಾ ನೋಡಿ. ಆನ್‌ಲೈನ್ ಆಟಕ್ಕೆ ಮಾತ್ರ ರೂಟರಿನಿಂದ ಲ್ಯಾನ್ ವೈರು ಎಳೆಯುವುದೇ ಸರಿ. ಪಿಂಗ್ (ಆಟದ ಸರ್ವರಿನಿಂದ ಉತ್ತರ ಬರಲು ಹಿಡಿಯುವ ಹೊತ್ತು) ಏರಿಳಿದರೆ ಕಾರ್ಡ್ ಬದಲಿಸುವವರಿದ್ದಾರೆ, ಪಾಪ.

144 ಹರ್ಟ್ಸ್ ಮಾನಿಟರ್ ಬೇಕೇ ಬೇಕಾ?

ಹರ್ಟ್ಸ್ ಅಂದರೆ ಪರದೆ ಸೆಕೆಂಡಿಗೆ ಎಷ್ಟು ಸಲ ಹೊಸ ಚಿತ್ರ ತೋರಿಸುತ್ತದೆ ಅನ್ನುವುದು. ಶೂಟಿಂಗ್ ಆಟ ಆಡುವವರಿಗೆ 144 ಬೇಕು. ಕಥೆಯ ಆಟ ಆಡುವವರಿಗೆ 75 ಅಥವಾ 100 ಹರ್ಟ್ಸಿನ 24 ಇಂಚು ಐಪಿಎಸ್ ಸಾಕು. ಆರ್‌ಎಕ್ಸ್ 6600 ಮಟ್ಟದ ಕಾರ್ಡಿಗೆ 1440ಪಿ ಮಾನಿಟರ್ ಜೋಡಿಸಬೇಡಿ, ಭಾರ ಜಾಸ್ತಿಯಾಗುತ್ತದೆ. ತಂದ ಮೇಲೆ ವಿಂಡೋಸ್ ಡಿಸ್‌ಪ್ಲೇ ಸೆಟ್ಟಿಂಗ್‌ಗೆ ಹೋಗಿ ಹರ್ಟ್ಸ್ ಬದಲಿಸಿ. 144ರ ಮಾನಿಟರನ್ನು ವರ್ಷಗಟ್ಟಲೆ 60ರಲ್ಲೇ ನೋಡಿದವರಿದ್ದಾರೆ. ಧಾರವಾಡಕ್ಕೆ ಮಾನಿಟರ್ ಡಬ್ಬಿ ಹಿಡಿದು ಚಿಗರಿ ಬಸ್ ಹತ್ತುವುದಾದರೆ ಸಂಜೆ ಆಫೀಸ್ ಬಿಡುವ ಹೊತ್ತು ಬೇಡ.

ಹುಬ್ಬಳ್ಳಿಯಲ್ಲಿ ಕೊಳ್ಳಬೇಕಾ, ಬೆಂಗಳೂರಿನ ಎಸ್‌ಪಿ ರೋಡ್‌ಗೆ ಹೋಗಬೇಕಾ, ಆನ್‌ಲೈನಾ?

ರಾತ್ರಿ ಬಸ್ ಹತ್ತಿದರೆ ಬೆಳಿಗ್ಗೆ ಬೆಂಗಳೂರು, ನಿಜ. ಒಂದೇ ಕಾರ್ಡಿಗಾಗಿ ಹೋದರೆ ಉಳಿದದ್ದು ಬಸ್ಸಿಗೂ ಊಟಕ್ಕೂ ಸರಿಹೋಗುತ್ತದೆ. ಪೂರ್ತಿ ಪಿಸಿ ಕೊಳ್ಳುವುದಾದರೆ ಲೆಕ್ಕ ಹಾಕಿ. ಭಾನುವಾರ ಹೋಗಬೇಡಿ, ಬಹಳಷ್ಟು ಅಂಗಡಿ ಮುಚ್ಚಿರುತ್ತವೆ.

ನನ್ನ ಪದ್ಧತಿ ಹೀಗೆ: ಮೊದಲು ಆನ್‌ಲೈನ್ ಬೆಲೆ ಬರೆದುಕೊಂಡು, ಕೊಪ್ಪಿಕರ್ ರಸ್ತೆ, ವಿದ್ಯಾನಗರ ಕಡೆ ಎರಡು ಮೂರು ಅಂಗಡಿಯಲ್ಲಿ ಪೂರ್ತಿ ಪಟ್ಟಿಗೆ ಕೊಟೇಶನ್ ಕೇಳುತ್ತೇನೆ. ಸ್ವಲ್ಪ ಜಾಸ್ತಿ ಆದರೂ ಎಸ್‌ಎಂಪಿಎಸ್, ಕ್ಯಾಬಿನೆಟ್, ಮಾನಿಟರ್ ಇಲ್ಲೇ. ಕೆಟ್ಟರೆ ಹಿಡಿದುಕೊಂಡು ಹೋಗಲು ಒಂದು ಜಾಗ ಇರುತ್ತದೆ. ಕಾರ್ಡಿನಲ್ಲಿ ವ್ಯತ್ಯಾಸ ದೊಡ್ಡದಿದ್ದರೆ ಆನ್‌ಲೈನ್. ಡಬ್ಬಿ ತೆರೆಯುವುದನ್ನು ಕೊರಿಯರ್ ಚೀಟಿ ಕಾಣುವಂತೆ, ನಡುವೆ ನಿಲ್ಲಿಸದೆ ವಿಡಿಯೋ ಮಾಡಿ.

ಕೊಟೇಶನ್‌ನಲ್ಲಿ "16 ಜಿಬಿ ರ‍್ಯಾಮ್, 500 ಜಿಬಿ ಎಸ್‌ಎಸ್‌ಡಿ, 450 ವ್ಯಾಟ್ ಎಸ್‌ಎಂಪಿಎಸ್" ಅಂತಷ್ಟೇ ಬರೆದು ಕೊಟ್ಟರೆ ವಾಪಸ್ ಕೊಡಿ. ಕಂಪನಿ, ಮಾಡೆಲ್ ನಂಬರ್ ಪೂರ್ತಿ ಬೇಕು. ಬಿಲ್ ಇಲ್ಲದೆ ಕೊಟ್ಟರೆ ಕಡಿಮೆ ಅನ್ನುತ್ತಾರೆ. ಜಿಎಸ್‌ಟಿ 18 ಪರ್ಸೆಂಟ್ ಉಳಿಯಿತು ಅಂತ ಖುಷಿಪಡಬೇಡಿ, ವಾರಂಟಿ ಕೇಳುವಾಗ ಮೊದಲು ಕೇಳುವುದು ಆ ಬಿಲ್ಲನ್ನೇ. ಬಿಲ್ಲಿನ ಮೇಲೆ ಸೀರಿಯಲ್ ನಂಬರ್ ಇರಲಿ. ಥರ್ಮಲ್ ಪ್ರಿಂಟ್ ಬಿಲ್ ಆರು ತಿಂಗಳಿಗೆ ಅಳಿಸಿಹೋಗುತ್ತದೆ, ಅವತ್ತೇ ಫೋಟೋ ತೆಗೆದಿಡಿ.

ಆಫೀಸಿನ ಹಳೆ ಪಿಸಿ ಅಥವಾ ಜಿಯಾನ್ ಕಿಟ್ (ಹಳೆಯ ಇಂಟೆಲ್ ಸರ್ವರ್ ಪ್ರೊಸೆಸರ್ ಇರುವ ಅಗ್ಗದ ಸೆಟ್) ಮೇಲೆ ಕಾರ್ಡ್ ಹಾಕಿದರೆ?

ಆಫೀಸ್ ಪಿಸಿ ಒಳ್ಳೆಯ ಉಪಾಯ, ಇಂಟೆಲ್ 8ನೇ ಪೀಳಿಗೆ ಅಥವಾ ಆಮೇಲಿನದಾದರೆ. ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟ್ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿದಿದೆ, ವಿಂಡೋಸ್ 11ಕ್ಕೆ 8ರ ಹಿಂದಿನ ಇಂಟೆಲ್ ಅಧಿಕೃತವಾಗಿ ಆಗುವುದಿಲ್ಲ. ವಿಂಡೋಸ್ 11ರಲ್ಲಿ ವ್ಯಾಲರಂಟ್ ಆಡಲು ಟಿಪಿಎಂ 2.0 ಮತ್ತು ಸೆಕ್ಯೂರ್ ಬೂಟ್ ಅನ್ನುವ ಸುರಕ್ಷತೆಯ ವ್ಯವಸ್ಥೆ ಎರಡೂ ಬೇಕು. ಜಿಯಾನ್ ಕಿಟ್ ಕೊಂಡವರು ಹೆಚ್ಚಾಗಿ ಸಿಕ್ಕಿಬೀಳುವುದು ಇಲ್ಲೇ. ಕೋರು ಜಾಸ್ತಿ ಇವೆ, ಒಂದೊಂದು ಕೋರಿನ ವೇಗ ಇಲ್ಲ. ಕಂಪನಿ ಪಿಸಿಗಳ ಎಸ್‌ಎಂಪಿಎಸ್ ಬೇರೆ ಆಕಾರದ್ದು, ಸಣ್ಣ ಡಬ್ಬಿಗೆ ಪೂರ್ಣ ಎತ್ತರದ ಕಾರ್ಡ್ ಹೋಗುವುದಿಲ್ಲ. ಟೇಪ್ ಹಿಡಿದು ಅಳೆದು ಆಮೇಲೆ ಕಾರ್ಡ್ ಆರಿಸಿ.

ಮನೆಯಲ್ಲಿ ಒಪ್ತಿಲ್ಲ. "ಇಷ್ಟ್ ರೊಕ್ಕ ಹಾಕಿ ಆಟ ಆಡೂದೇನ್?" ಅಂತಾರ.

ಅವರ ಮಾತು ತಪ್ಪಲ್ಲ. ಓದಿಗೆ ಅಂತ ಸುಳ್ಳು ಹೇಳಬೇಡಿ, ಸಿಕ್ಕಿಬೀಳುತ್ತೀರಿ. ಮೊದಲ ಕಂತಿನಲ್ಲಿ 5600ಜಿ ಪಿಸಿ ಕೇಳಿ, ಅದು ಕಾಲೇಜಿನ ಪ್ರಾಜೆಕ್ಟಿಗೂ ಆಗುತ್ತದೆ. ಕಾರ್ಡ್ ನಿಮ್ಮ ದುಡಿಮೆಯಲ್ಲಿ ಬರಲಿ. ಮೇಲೆ 5600ಜಿ ಬದಲು ಕಾಯಿರಿ ಅಂದಿದ್ದೆನಲ್ಲ, ಅದು ಮನೆಯವರು ಒಪ್ಪಿ, ಬೇಗ ಕಾರ್ಡ್ ಕೊಳ್ಳುವವರಿಗೆ.

ನಾನೇ ಜೋಡಿಸಬಹುದಾ? ಜೋಡಿಸಿದೆ, ಪರದೆ ಬರ್ತಿಲ್ಲ!

ಜೋಡಿಸಬಹುದು, ಒಂದು ಸ್ಟಾರ್ ಸ್ಕ್ರೂಡ್ರೈವರ್ ಮತ್ತು ಒಂದು ಮಧ್ಯಾಹ್ನ ಸಾಕು. ಎಎಂ4 ಪ್ರೊಸೆಸರಿನ ಕೆಳಗೆ ಪಿನ್ನುಗಳಿವೆ, ಇಂಟೆಲ್ ಮತ್ತು ಎಎಂ5ರಲ್ಲಿ ಪಿನ್ನು ಬೋರ್ಡಿನ ಸಾಕೆಟ್‌ನಲ್ಲಿವೆ. ಎರಡನ್ನೂ ಒತ್ತಬೇಡಿ, ತ್ರಿಕೋನದ ಗುರುತು ಹೊಂದಿಸಿ ಸುಮ್ನೆ ಇಟ್ಟರೆ ಕೂರುತ್ತದೆ. ಬೋರ್ಡ್ ಕೂರಿಸುವ ಮೊದಲು ಹಿತ್ತಾಳೆಯ ಗಿಡ್ಡ ಸ್ಕ್ರೂಗಳನ್ನು ಕ್ಯಾಬಿನೆಟ್‌ಗೆ ಹಾಕಿ, ಇಲ್ಲದಿದ್ದರೆ ಬೋರ್ಡಿನ ಬೆನ್ನು ತಗಡಿಗೆ ತಾಗಿ ಶಾರ್ಟ್ ಆಗುತ್ತದೆ. ಐಒ ಶೀಲ್ಡ್ (ಹಿಂದಿನ ಪೋರ್ಟುಗಳ ಸುತ್ತ ಕೂರುವ ತಗಡು) ಬೇರೆಯಾಗಿ ಬಂದಿದ್ದರೆ ಅದೂ ಮೊದಲೇ. ನಾಲ್ಕು ಸ್ಲಾಟ್ ಇರುವ ಬೋರ್ಡಿನಲ್ಲಿ ರ‍್ಯಾಮ್ ಸಾಮಾನ್ಯವಾಗಿ ಪ್ರೊಸೆಸರ್ ಕಡೆಯಿಂದ ಎರಡನೇ ಮತ್ತು ನಾಲ್ಕನೇ ಸ್ಲಾಟಿಗೆ.

ಪರದೆ ಬಾರದಿದ್ದರೆ ಗಾಬರಿಯಾಗಬೇಡಿ. ಎಚ್‌ಡಿಎಂಐ ಕೇಬಲ್ ಬೋರ್ಡಿಗೆ ಸಿಕ್ಕಿಸಿದ್ದೀರಾ, ಕಾರ್ಡಿಗೆ ಸಿಕ್ಕಿಸಿದ್ದೀರಾ ನೋಡಿ. ಅರ್ಧ ಕೇಸು ಅಲ್ಲೇ ಮುಗಿಯುತ್ತವೆ. ಆಮೇಲೆ ರ‍್ಯಾಮ್ ತೆಗೆದು ಟಕ್ ಅನ್ನುವವರೆಗೆ ಒತ್ತಿ. ಪ್ರೊಸೆಸರಿನ 8 ಪಿನ್ ವೈರು ಬೋರ್ಡಿನ ಮೇಲ್ಮೂಲೆಯಲ್ಲಿ ಕೂತಿದೆಯಾ, ಕಾರ್ಡಿನ ವೈರು ಪೂರ್ತಿ ಒಳಗಿದೆಯಾ ನೋಡಿ. ಆಗಲೂ ಬಾರದಿದ್ದರೆ ಒಂದೇ ಸ್ಟಿಕ್ ಬಿಟ್ಟು ಆನ್ ಮಾಡಿ. ಎಎಂ5 ಪಿಸಿ ಆದರೆ ಮೊದಲ ಸಲ ಮೆಮೊರಿ ಹೊಂದಿಸಿಕೊಳ್ಳಲು ಹಲವು ನಿಮಿಷ ಕಪ್ಪಾಗಿಯೇ ಇರುತ್ತದೆ. ಆ ಹೊತ್ತಲ್ಲಿ ಪವರ್ ಬಟನ್ ಒತ್ತಬೇಡಿ, ಫ್ಯಾನ್ ತಿರುಗುತ್ತಿದ್ದರೆ ಸಾಕು.